ದಕ್ಷಿಣ ಬಾಗಿಲಿನ ಚೌಕಿ

ನಾನು ಈವರೆಗೆ ನಕ್ಷೆ ಹಾಕಿದ ಕಟ್ಟಡಗಳಲ್ಲಿ ಎಲ್ಲಕ್ಕಿಂತ ಚಿಕ್ಕದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಗೋಳು ಹೊಯ್ದುಕೊಂಡಿತು. ಉದ್ದ ನಾಲ್ಕೂವರೆ ಮೀಟರು, ಆಳ ನಾಲ್ಕು ಮೀಟರು. ಮೈಸೂರಿನ ನಮ್ಮ ಮನೆಯ ಅಡುಗೆಮನೆ ಮತ್ತು ಉಗ್ರಾಣ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ ಜಾಗ. ಅಷ್ಟರೊಳಗೆ ಒಂದು ಮೇಜು, ಮೂರು ಕುರ್ಚಿ, ಒಂದು ಶೌಚಾಲಯ, ಚಹಾ ಕಾಯಿಸಿಕೊಳ್ಳಲು ಪುಟ್ಟ ಕಟ್ಟೆ, ಮತ್ತು ದಿನವಿಡೀ ಕೂರುವ ಒಬ್ಬರು ಪೊಲೀಸರನ್ನು ಹಿಡಿಸಬೇಕಿತ್ತು. ಎರಡು ವಾರದಲ್ಲಿ ಮುಗಿಸಿ ಕೊಡುತ್ತೇನೆ ಎಂದು ಬಾಸ್‌ಗೆ ಹೇಳಿದ್ದೆ. ಮೇ ತಿಂಗಳಲ್ಲಿ ಹಾಗೆ ಹೇಳಿದವಳು ಆಗಸ್ಟ್‌ನಲ್ಲೂ ಅದೇ ಹದಿನೆಂಟು ಚದರ ಮೀಟರಿನೊಳಗೆ ಸುತ್ತುತ್ತಿದ್ದೆ.

ಜಾಗ ಇದ್ದದ್ದು ಕ್ರೈಸ್ಟ್‌ಚರ್ಚ್‌ನಲ್ಲಿ, ರಿಕ್ಕರ್ಟನ್‌ನ ಮಾಲ್ ದಾಟಿ ಬಸ್ಸಿನಲ್ಲಿ ಇನ್ನೂ ಸ್ವಲ್ಪ ಮುಂದೆ. ರಸ್ತೆಗೆ ಮುಖ ಮಾಡಿ ಏಳು ಅಂಗಡಿಗಳ ಒಂದು ಸಾಲು. ಅಂಗಡಿಗಳ ಮುಂದೆ ಇಪ್ಪತ್ತು ಕಾರು ನಿಲ್ಲುವಷ್ಟು ಕಾರ್‌ಪಾರ್ಕ್. ಕಾರ್‌ಪಾರ್ಕಿನ ಆಚೆ ಅಂಚಿಗೆ, ರಸ್ತೆಗೆ ತಾಗಿದಂತೆ, ಯಾರೂ ಬಳಸದ ಒಂದು ಹುಲ್ಲಿನ ತುಂಡು. ಆ ಸಾಲಿನಲ್ಲಿ ಮೇಲಿಂದ ಮೇಲೆ ಕಳ್ಳತನಗಳಾಗಿ, ಬಡಾವಣೆಯವರೂ ನಗರಸಭೆಯವರೂ ಪೊಲೀಸರೂ ಕೂತು ಮಾತಾಡಿ, ಕೊನೆಗೆ ಜಪಾನಿನಲ್ಲಿರುವಂಥ ಒಂದು ಪುಟ್ಟ ಪೊಲೀಸ್ ಚೌಕಿಯನ್ನು ಇಲ್ಲಿ ಪ್ರಯೋಗವಾಗಿ ಕಟ್ಟಿ ನೋಡೋಣ ಎಂದು ಒಪ್ಪಿದ್ದರು. ನಕ್ಷೆಯ ಕೆಲಸ ನಮ್ಮ ಆಫೀಸಿಗೆ ಬಂತು.

ಜಪಾನಿನಲ್ಲಿ ಇದಕ್ಕೆ ಕೋಬಾನ್ ಎನ್ನುತ್ತಾರೆ. ಒಮ್ಮೆ ರಜೆಗೆ ಹೋಗಿದ್ದಾಗ ನಾನು ದೇವಸ್ಥಾನ ನೋಡುವುದನ್ನು ಬಿಟ್ಟು ಇವನ್ನೇ ನೋಡಿಕೊಂಡು ಅಲೆದಿದ್ದೆ. ರೈಲು ನಿಲ್ದಾಣದ ಎದುರು, ನಾಲ್ಕು ರಸ್ತೆ ಕೂಡುವಲ್ಲಿ, ಎರಡು ಕಟ್ಟಡಗಳ ಸಂದಿಯಲ್ಲಿ, ಎಲ್ಲಿ ಅಂಗೈಯಗಲ ಜಾಗ ಸಿಕ್ಕರೆ ಅಲ್ಲಿ ಒಂದು. ಮುಂದೆ ತೆರೆದ ಕೋಣೆ, ಬೀದಿಗೆ ಎದುರಾಗಿ ಮೇಜು, ಗೋಡೆಯ ಮೇಲೆ ಆ ಬಡಾವಣೆಯ ದೊಡ್ಡ ನಕ್ಷೆ, ಹಿಂದೆ ಪೊಲೀಸರು ಮೈ ಚಾಚಲು ಒಂದು ಸಣ್ಣ ಕೋಣೆ, ಬಾಗಿಲ ಮೇಲೆ ಕೆಂಪು ದೀಪ. ಜನ ದಾರಿ ಕೇಳಲು ಬರುತ್ತಾರೆ, ಕಳೆದುಹೋದ ಛತ್ರಿ ಸಿಕ್ಕಿದೆಯೇ ಎಂದು ವಿಚಾರಿಸಲು ಬರುತ್ತಾರೆ. ಒಂದು ಚೌಕಿಯಲ್ಲಿ ನಾನು ಟೇಪು ಹಿಡಿದು ಬಾಗಿಲು ಅಳೆಯುತ್ತಿದ್ದಾಗ ಒಳಗಿದ್ದ ಪೊಲೀಸರು ಎದ್ದು ಬಂದರು. ಇನ್ನೇನು ಹಿಡಿದುಕೊಂಡು ಹೋಗುತ್ತಾರೆ ಎಂದುಕೊಂಡೆ. ಅವರು ಏನೂ ಕೇಳದೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ನಿಂತರು.

ಈ ಕತೆಯನ್ನು ಆಫೀಸಿನಲ್ಲಿ ನೂರು ಸಲ ಹೇಳಿದ್ದರಿಂದಲೇ ಕೆಲಸ ನನ್ನ ಮೇಜಿಗೆ ಬಂದಿತ್ತು. ಜೊತೆಗೆ ನಮ್ಮಲ್ಲಿ ಭೂಕಂಪದ ಲೆಕ್ಕ ನೋಡುವ ಎಂಜಿನಿಯರ್ ಜಪಾನಿನವಳು. ಅವಳ ತಂದೆ ಇಡೀ ಜೀವಮಾನ ಕೋಬಾನ್‌ನಲ್ಲೇ ಕೆಲಸ ಮಾಡಿ ನಿವೃತ್ತರಾದವರು. ನಾನೂ ಅವಳೂ ಸೇರಿದರೆ ಇದು ನೀರು ಕುಡಿದಷ್ಟು ಸುಲಭ ಎಂದು ಬಾಸ್ ಅಂದುಕೊಂಡರು. ನಾನೂ ಅಂದುಕೊಂಡೆ.

ಆ ಏಳು ಅಂಗಡಿಗಳಲ್ಲಿ ನಡುವಿನದು ಒಂದು ಡೈರಿ. ಇಲ್ಲಿ ಹಾಲು, ಬ್ರೆಡ್, ಪೇಪರ್, ಮಿಠಾಯಿ ಎಲ್ಲ ಸಿಗುವ ಬೀದಿ ಅಂಗಡಿಗೆ ಡೈರಿ ಅನ್ನುತ್ತಾರೆ. ಅದನ್ನು ನಡೆಸುತ್ತಿದ್ದವರು ಹಾವೇರಿ ಕಡೆಯ ಒಬ್ಬ ಆಂಟಿ ಮತ್ತು ಅವರ ಯಜಮಾನರು. ಕನ್ನಡ ಕೂಟದ ಯುಗಾದಿಯಲ್ಲಿ ಪರಿಚಯವಾದವರು. ವಾರಕ್ಕೊಮ್ಮೆ ನಾನು ಅಲ್ಲಿ ಬಸ್ಸಿಳಿದು ಹಾಲು ತೆಗೆದುಕೊಂಡು, ಅವರ ಫ್ರೀಜರಿನ ಕರಿಬೇವನ್ನೂ ಇಸಿದುಕೊಂಡು ಮನೆಗೆ ಹೋಗುತ್ತಿದ್ದೆ. ಎರಡು ವರ್ಷದ ಹಿಂದೆ ಮುಖ ಮುಚ್ಚಿಕೊಂಡ ಇಬ್ಬರು ಹಾಡಹಗಲೇ ನುಗ್ಗಿ ಆಂಟಿಯ ಎದುರಿಗೆ ಸುತ್ತಿಗೆ ಎತ್ತಿ ಸಿಗರೇಟಿನ ಕಪಾಟು ಖಾಲಿ ಮಾಡಿಕೊಂಡು ಹೋಗಿದ್ದರು. ಆರು ತಿಂಗಳಿಗೆ ಮತ್ತೊಮ್ಮೆ ಅದೇ ಆಯಿತು.

ಅಂಗಡಿಯ ಲೀಸ್ ಆಗಸ್ಟ್ ಕೊನೆಗೆ ಮುಗಿಯುವುದಿತ್ತು. ಮುಂದುವರಿಸಬೇಕಾದರೆ ಅದರೊಳಗೆ ಹೊಸ ಕಾಗದಕ್ಕೆ ಸಹಿ ಬೀಳಬೇಕಿತ್ತು. ಅಂಕಲ್‌ಗೆ ಎಲ್ಲ ಮುಚ್ಚಿ ಆಕ್ಲಂಡಿನ ಹಿಲ್ಸ್‌ಬರೋದಲ್ಲಿರುವ ಮಗಳ ಹತ್ತಿರ ಹೋಗುವ ಮನಸ್ಸು. ಆಂಟಿಗೆ ಹನ್ನೊಂದು ವರ್ಷ ತಾವೇ ನಿಂತು ಬೆಳೆಸಿದ ಅಂಗಡಿ ಬಿಡಲು ಮನಸ್ಸಿಲ್ಲ.

ಚೌಕಿಯ ಕೆಲಸ ನನಗೆ ಬಂದಿದೆ ಎಂದು ತಿಳಿದ ದಿನ ಆಂಟಿ ಹಾಲಿನ ಕ್ಯಾನು ನನ್ನ ಕೈಗೆ ಕೊಡದೆ ಹಾಗೇ ಹಿಡಿದುಕೊಂಡು ಹೇಳಿದರು. "ತಂಗಿ, ನಮ್ಮ ಮನೆಯವ್ರು ದಿನಾ ಒಂದ ಹಾಡ ಹಾಡಾಕತ್ತಾರ, ಬಿಟ್ಟ ಹೋಗೂಣು ಬಿಟ್ಟ ಹೋಗೂಣು ಅಂತ. ನಾ ಅಂದೀನಿ, ಆ ಹುಡುಗಿ ಏನ್ ಕಟ್ತಾಳ ನೋಡಿ ಹೇಳ್ತೀನಿ ಅಂತ. ನನಗ ಮತ್ತೇನೂ ಬ್ಯಾಡವಾ. ಇಲ್ಲಿ ನಿಂತ್ರ ಅಲ್ಲಿ ಒಂದ್ ಮನಷ್ಯಾರ ಮುಖ ಕಾಣಬೇಕು. ಅಷ್ಟ ಆದ್ರ ಸಹಿ ಮಾಡ್ತೀನಿ."

"ಆಗುತ್ತೆ ಆಂಟಿ, ಯೋಚನೆ ಮಾಡ್ಬೇಡಿ" ಅಂದೆ. ಅಂದವಳು ಆಫೀಸಿಗೆ ಹೋಗಿ ಅವರ ಮಾತನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಯೋಚನೆ ಮಾಡಿದೆ.

ಮೊದಲ ನಕ್ಷೆ ಬೇಗ ಆಯಿತು. ಮುಂದೆ ಎರಡು ಮೀಟರು ನಲವತ್ತು ಆಳದ ತೆರೆದ ಕೋಣೆ, ಹಿಂದೆ ಉಳಿದ ಪಟ್ಟಿಯಲ್ಲಿ ಶೌಚಾಲಯ ಮತ್ತು ವಿಶ್ರಾಂತಿ ಕೋಣೆ. ಮುಖ ರಸ್ತೆಗೆ. ಕೋಬಾನ್ ಅಂದಮೇಲೆ ರಸ್ತೆಗೆ ಮುಖ ಮಾಡಲೇಬೇಕಲ್ಲ. ಮೇಲಾಗಿ ರಸ್ತೆ ಇದ್ದದ್ದು ಉತ್ತರಕ್ಕೆ. ಭೂಮಿಯ ಈ ಅರ್ಧದಲ್ಲಿ ಬಿಸಿಲು ಬರುವುದು ಉತ್ತರದಿಂದ. ನ್ಯೂಜಿಲೆಂಡಿನಲ್ಲಿ ಮನೆ ಕೊಳ್ಳುವವರು ಮೊದಲು ಕೇಳುವುದೇ ಉತ್ತರಕ್ಕೆ ಕಿಟಕಿ ಇದೆಯೇ ಎಂದು. ಬಾಸ್ ನಕ್ಷೆ ನೋಡಿ ತಲೆಯಾಡಿಸಿದರು. ಕೆಂಪು ದೀಪದ ವಿಷಯಕ್ಕೆ ಮಾತ್ರ ಜೋರಾಗಿ ನಕ್ಕರು. ಈ ಊರಿನಲ್ಲಿ ಬಾಗಿಲ ಮೇಲೆ ಕೆಂಪು ದೀಪ ಹಾಕಿದರೆ ಬೇರೆ ಥರದ ಗಿರಾಕಿಗಳು ಬಂದಾರು ಎಂದು. ದೀಪ ನೀಲಿಯಾಯಿತು.

ಮೊದಲ ಪೆಟ್ಟು ಬಿದ್ದದ್ದು ಸುರಕ್ಷತಾ ಸಲಹೆಗಾರರಿಂದ. ತೆರೆದ ಮೇಜು ಆಗದು, ನೆಲದಿಂದ ಸೂರಿನವರೆಗೆ ದಪ್ಪ ಗಾಜು ಬೇಕು, ಬಾಗಿಲಿಗೆ ಗಂಟೆ ಒತ್ತಿದರೆ ಮಾತ್ರ ತೆರೆಯುವ ಬೀಗ ಬೇಕು ಎಂದು ಅವರು ಎರಡು ಪುಟ ಬರೆದು ಕಳಿಸಿದರು. ಬಡಾವಣೆಯವರಿಗೆ ಬಾಗಿಲು ತೆರೆದೇ ಇರಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೂರು ವಾರ ನಾನು ಗಾಜು ಸೇರಿಸುವುದು, ತೆಗೆಯುವುದು, ಅರ್ಧಕ್ಕೆ ಇಳಿಸುವುದು ಇದೇ ಮಾಡಿದೆ.

ಅದನ್ನು ಬಿಡಿಸಿದವರು ಚೌಕಿಯಲ್ಲಿ ಕೂರಬೇಕಾಗಿದ್ದ ಕಾನ್‌ಸ್ಟೇಬಲ್. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಸಭೆಯಲ್ಲಿ ಎಲ್ಲರೂ ಗಾಜಿನ ದಪ್ಪದ ಬಗ್ಗೆ ವಾದ ಮಾಡುತ್ತಿದ್ದಾಗ, ಗಾಜಿನ ಹಿಂದೆ ಕೂತರೆ ಜನ ತನ್ನನ್ನು ಅಕ್ವೇರಿಯಂ ಮೀನು ನೋಡಿದ ಹಾಗೆ ನೋಡಿ ಹೋಗುತ್ತಾರೆ, ಮಾತಾಡಿಸುವುದಿಲ್ಲ ಎಂದರು. ತನಗೆ ಬೇಕಾದದ್ದು ಗೋಡೆಯಲ್ಲ, ಹೆಚ್ಚುಕಡಿಮೆ ಆದರೆ ಎರಡು ಹೆಜ್ಜೆಯಲ್ಲಿ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಗಟ್ಟಿ ಬಾಗಿಲು ಎಂದರು. ನಾನು ಅಲ್ಲೇ ಎದ್ದು ಕುರ್ಚಿಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳೆದು ತೋರಿಸಿದೆ. ಹಿಂದಿನ ಕೋಣೆಯ ಬಾಗಿಲು ಉಕ್ಕಿನದಾಯಿತು, ಕುರ್ಚಿಯಿಂದ ಒಂದು ಮೀಟರು ಇಪ್ಪತ್ತು ದೂರ. ಮುಂದಿನ ಮೇಜು ತೆರೆದೇ ಉಳಿಯಿತು. ಅಂದು ಸಂಜೆ ನನಗೆ ಗೆದ್ದಷ್ಟು ಖುಷಿಯಾಗಿತ್ತು.

ನಮ್ಮ ಬಾಸ್‌ಗೆ ಒಂದು ಹಟವಿದೆ. ಸಣ್ಣ ಕಟ್ಟಡವಾದರೆ ಪರವಾನಗಿಗೆ ಕಳಿಸುವ ಮೊದಲು ಪ್ಲೈವುಡ್ಡಿನಲ್ಲಿ ನಿಜವಾದ ಅಳತೆಯಲ್ಲೇ ಒಂದನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಬಳಸುವವರನ್ನು ಒಳಗೆ ಕೂರಿಸಿ ಒಂದು ದಿನ ನೋಡುವುದು. ಕಾಗದ ಸುಳ್ಳು ಹೇಳುತ್ತದೆ, ಪ್ಲೈವುಡ್ ಹೇಳುವುದಿಲ್ಲ ಎನ್ನುವುದು ಅವರ ಮಾತು. ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹಲಗೆಗಳನ್ನು ಹಿಂಬದಿ ತೆರೆದಿರುವ ಬಾಸ್‌ನ ಯೂಟ್ ಗಾಡಿಯಲ್ಲಿ ತುಂಬಿಕೊಂಡು ಹೋಗಿ, ಹುಲ್ಲಿನ ಮೇಲೆ ನಿಲ್ಲಿಸಿ, ಮರಳಿನ ಚೀಲಗಳಿಂದ ಬಿಗಿ ಮಾಡಿದೆವು. ಕಾನ್‌ಸ್ಟೇಬಲ್ ಒಳಗೆ ಮೇಜಿನ ಹಿಂದೆ ಕೂತರು. ನಾನು ಹೊರಗೆ ನೋಟ್‌ಬುಕ್ ಹಿಡಿದು ನಿಂತೆ.

ಹನ್ನೊಂದು ಗಂಟೆಯಾಗುವಷ್ಟರಲ್ಲಿ ಅವರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ಚಳಿಗಾಲದಲ್ಲಿ ಇಲ್ಲಿ ನಡುಮಧ್ಯಾಹ್ನವೂ ಸೂರ್ಯ ಇಪ್ಪತ್ತೈದು ಡಿಗ್ರಿಯ ಆಸುಪಾಸಿಗಿಂತ ಮೇಲೇರುವುದಿಲ್ಲ. ನಾನು ಇಟ್ಟಿದ್ದ ಸೂರಿನ ಚಾಚು ಬೇಸಿಗೆಯ ಬಿಸಿಲಿಗೆ ಲೆಕ್ಕ ಹಾಕಿದ್ದು. ಜುಲೈ ಬಿಸಿಲು ಅದರ ಕೆಳಗಿನಿಂದ ನುಗ್ಗಿ ಸೀದಾ ಅವರ ಕಣ್ಣಿಗೆ ಹೊಡೆಯುತ್ತಿತ್ತು. ಹನ್ನೆರಡಕ್ಕೆ ಅವರು ಕೋಟು ಬಿಚ್ಚಿ ಮುಂದಿನ ತೆರಪಿಗೆ ಪರದೆಯಂತೆ ನೇತುಹಾಕಿದರು. ಅಲ್ಲಿಗೆ ಕೋಬಾನ್ ಸತ್ತಂತೆಯೇ. ಅಷ್ಟೇ ಅಲ್ಲ, ಬೆಳಗಿನಿಂದ ಒಬ್ಬರೂ ಒಳಗೆ ಬಂದಿರಲಿಲ್ಲ. ರಸ್ತೆಯಲ್ಲಿ ಕಾರುಗಳು ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ಹಾದು ಹೋದವು, ಬಸ್ಸುಗಳು ಹೋದವು. ಫುಟ್‌ಪಾತಿನಲ್ಲಿ ನಡೆದು ಬಂದವರು ಇಬ್ಬರು, ಅದರಲ್ಲಿ ಒಬ್ಬರು ನಾಯಿಯ ಕಡೆ ನೋಡುತ್ತಿದ್ದರು.

ಅಷ್ಟರಲ್ಲಿ ಡೈರಿ ಆಂಟಿ ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಬಂದರು. ಪ್ಲೈವುಡ್ಡಿನ ಹಿಂಗೋಡೆಗೆ ಬಂದು, ಬಾಗಿಲು ಕಾಣದೆ, ಒಂದು ಪಕ್ಕ ಬಳಸಿ, ಹುಲ್ಲಿನ ಕೆಸರಿನಲ್ಲಿ ಕಾಲಿಟ್ಟು, ರಸ್ತೆಯ ಕಡೆಯಿಂದ ಸುತ್ತಿಕೊಂಡು ಬಂದು ನನ್ನೆದುರು ನಿಂತರು.

"ತಂಗಿ, ಇದು ಪೊಲೀಸ್ ಚೌಕಿ ಹೌದಿಲ್ಲೋ?"

"ಹೌದು ಆಂಟಿ. ಮಾದರಿ ಅಷ್ಟೆ."

"ಮತ್ತ ನನಗ ಇದರ ಬೆನ್ನ ಯಾಕ ಕಾಣಾಕತ್ತೈತಿ? ಮುಂಜಾನಿಂದ ನೋಡಾಕತ್ತೀನಿ, ಬರೇ ಹಲಗಿ. ಆ ಹಲಗಿ ಹಿಂದ ಏನ್ ಬರತೈತಿ?"

ಶೌಚಾಲಯ ಬರುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಇಣುಕಿ ನೋಡಿ ಅರ್ಥ ಮಾಡಿಕೊಂಡರು. ಸಿಟ್ಟು ಮಾಡಲಿಲ್ಲ. "ಇರ್ಲಿ ಬಿಡು, ಚಾ ಕುಡೀರಿ" ಎಂದು ಕಾನ್‌ಸ್ಟೇಬಲ್‌ಗೂ ಬಾಸ್‌ಗೂ ಬಗ್ಗಿಸಿ ಕೊಟ್ಟು, ಖಾಲಿ ಫ್ಲಾಸ್ಕು ಹಿಡಿದು ಬಂದ ದಾರಿಯಲ್ಲೇ ಸುತ್ತಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಬಹಳ ನಾಚಿಕೆಯಾಯಿತು.

ಸೋಮವಾರ ಆಫೀಸಿನಲ್ಲಿ ನಾನು ಎಲ್ಲರ ಮೇಲೂ ತಪ್ಪು ಹೊರಿಸಿದೆ. ಜಾಗ ಸರಿಯಿಲ್ಲ, ರಸ್ತೆ ಅಗಲವಾಯಿತು, ಈ ಊರಿನ ಜನ ನಡೆಯುವುದೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜಪಾನಿ ಎಂಜಿನಿಯರ್ ತನ್ನ ಡಬ್ಬಿಯ ಊಟ ಮುಗಿಸುವವರೆಗೆ ಸುಮ್ಮನೆ ಕೇಳಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. ಆ ಜಾಗದಲ್ಲಿ ಜನ ನಡೆಯುವುದು ಎಲ್ಲಿ?

"ಎಲ್ಲೂ ಇಲ್ಲ. ಕಾರು ನಿಲ್ಲಿಸಿ ಅಂಗಡಿಗೆ ಹೋಗ್ತಾರೆ, ವಾಪಸ್ ಬರ್ತಾರೆ" ಅಂದೆ.

"ಹಾಗಾದ್ರೆ ಅದೇ ನಿಮ್ಮ ಬೀದಿ" ಅಂದಳು ಅವಳು. ಜಪಾನಿನಲ್ಲಿ ಕೋಬಾನ್ ರಸ್ತೆಗೆ ಮುಖ ಮಾಡುವುದು ಅಲ್ಲಿ ಜನ ನಡೆಯುತ್ತಾರೆಂದು, ರಸ್ತೆ ಎಂಬ ಕಾರಣಕ್ಕಲ್ಲ. ಅವಳ ತಂದೆ ಹೇಳುತ್ತಿದ್ದರಂತೆ, ಕೋಬಾನ್‌ನಲ್ಲಿ ಕೂತವನ ಕೆಲಸದಲ್ಲಿ ಅರ್ಧ ನೋಡುವುದು, ಇನ್ನರ್ಧ ಕಾಣಿಸುವುದು.

ಇಷ್ಟು ಸರಳವಾದ ವಿಷಯ ನನಗೆ ಏಕೆ ಹೊಳೆಯಲಿಲ್ಲ? ಕಾರ್‌ಪಾರ್ಕು, ಅಂಗಡಿಸಾಲು ಇದ್ದದ್ದು ದಕ್ಷಿಣಕ್ಕೆ. ಆ ಕಡೆಗೆ ಬಾಗಿಲಿಡಬಹುದು ಎಂದು ಮೂರು ತಿಂಗಳಲ್ಲಿ ಒಂದು ಗೆರೆಯನ್ನೂ ನಾನು ಎಳೆದು ನೋಡಿರಲಿಲ್ಲ. ಬೇಡವೆಂದು ಬಿಟ್ಟದ್ದಲ್ಲ, ನೋಡಿಯೇ ಇರಲಿಲ್ಲ. ಯಾಕೋ ಅನುಮಾನ ಬಂದು ಹಳೆಯ ಕಡತಗಳನ್ನು ತೆರೆದೆ. ಈ ದೇಶಕ್ಕೆ ಬಂದಮೇಲೆ ನಾನು ನಕ್ಷೆ ಹಾಕಿದ ಮನೆಗಳು, ಒಂದು ಹಲ್ಲಿನ ಆಸ್ಪತ್ರೆ, ಎರಡು ಅಂಗನವಾಡಿಯಂಥ ಮಕ್ಕಳ ಕೇಂದ್ರಗಳು. ಒಂದಾದಮೇಲೊಂದು ನೋಡುತ್ತ ಹೋದೆ. ಒಂದಕ್ಕೂ ದಕ್ಷಿಣಕ್ಕೆ ತಲೆಬಾಗಿಲಿರಲಿಲ್ಲ.

ನಮ್ಮ ಮನೆಯಲ್ಲಿ ದಕ್ಷಿಣದ ಬಾಗಿಲಿನ ಮನೆಗೆ ಬಾಡಿಗೆಗೂ ಹೋಗುತ್ತಿರಲಿಲ್ಲ. ಅದು ಯಮನ ದಿಕ್ಕು. ಒಮ್ಮೆ ಸರಸ್ವತಿಪುರಂನಲ್ಲಿ ಗಾಳಿ ಬೆಳಕು ಎಲ್ಲ ಇದ್ದ ಮನೆ ಸಿಕ್ಕಾಗ ಅಮ್ಮ ಹೊಸಲು ಕೂಡ ದಾಟದೆ, ಗೇಟಿನಲ್ಲೇ ದಿಕ್ಕು ನೋಡಿ ವಾಪಸು ಬಂದಿದ್ದರು. ಕಾಲೇಜಿನಲ್ಲಿ ನಾವೆಲ್ಲ ಇದನ್ನು ಆಡಿಕೊಂಡು ನಗುತ್ತಿದ್ದೆವು. ವಾಸ್ತು ಕೇಳಿಕೊಂಡು ಬಂದ ಕನ್ನಡದ ಗಿರಾಕಿಗಳಿಗೆ ನಾನೇ ಇಲ್ಲಿ ಭಾಷಣ ಬಿಗಿದಿದ್ದೇನೆ. ಹಾಗಿದ್ದೂ ಪ್ರತಿ ನಕ್ಷೆಯಲ್ಲಿ ಕೈ ತಾನಾಗಿ ದಕ್ಷಿಣವನ್ನು ಬಿಟ್ಟು ಹೋಗಿತ್ತು. ಈ ದೇಶದಲ್ಲಿ ಯಾರಾದರೂ ಕೇಳಿದರೆ ಹೇಳಲು ಬಿಸಿಲಿನ ನೆಪವಿತ್ತು. ಸೂರ್ಯನನ್ನು ಮುಂದಿಟ್ಟುಕೊಂಡು ನಾನು ಯಮನಿಗೆ ಹೆದರುತ್ತಿದ್ದೆ.

ಜಪಾನಿ ಎಂಜಿನಿಯರ್‌ಗೆ ಇದನ್ನು ಹೇಳಿಕೊಂಡೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ತಮ್ಮಲ್ಲಿ ಈಶಾನ್ಯ ಮೂಲೆ ದೆವ್ವ ಬರುವ ದಾರಿ, ಅಲ್ಲಿ ಬಾಗಿಲಿಡುವುದಿಲ್ಲ ಎಂದಳು. ನಮ್ಮಲ್ಲಿ ಅದು ದೇವರ ಮೂಲೆ ಎಂದೆ. ಆಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಬಾಸ್‌ನ ಕೋಣೆಗೆ ಹೋಗಿ ಬಾಗಿಲು ದಕ್ಷಿಣಕ್ಕೆ ತಿರುಗಿಸಬೇಕು ಎಂದಾಗ ಅವರು ಜಾಕೆಟ್ ಹಾಕಿಕೊಂಡು ನನ್ನನ್ನು ಆಫೀಸಿನ ಹಿತ್ತಿಲಿಗೆ ಕರೆದುಕೊಂಡು ಹೋದರು. ಅಂದು ದಕ್ಷಿಣದ ಗಾಳಿ ಎದ್ದಿತ್ತು. ಹಿಮದ ದೇಶದಿಂದ ಸಮುದ್ರದ ಮೇಲೆ ಹಾದು ಬರುವ ಗಾಳಿ ಅದು, ಕಿವಿ ಕಿತ್ತು ಬರುತ್ತದೆ. ಅದಕ್ಕೆ ಎದುರಾಗಿ ನನ್ನನ್ನು ನಿಲ್ಲಿಸಿ, ಇದರಲ್ಲಿ ಬಾಗಿಲು ತೆರೆದಿಟ್ಟುಕೊಂಡು ಆ ಹೆಂಗಸು ಎಂಟು ಗಂಟೆ ಕೂರಬೇಕೇ ಎಂದು ಕೇಳಿದರು. ಹಲ್ಲು ಕಟಕಟ ಎನ್ನುತ್ತಿದ್ದರೂ ನಾನು ಬಿಡಲಿಲ್ಲ. ಈ ಗಾಳಿ ನೇರ ದಕ್ಷಿಣದಿಂದ ಬರುತ್ತಿಲ್ಲ, ನೈಋತ್ಯದಿಂದ ಬರುತ್ತಿದೆ, ಒಂದು ಪಕ್ಕ ತಡೆದರೆ ಸಾಕು ಎಂದೆ. ಗುರುವಾರದೊಳಗೆ ಮಾಡಿ ತೋರಿಸು ಎಂದರು.

ಆ ಮೂರು ದಿನ ಮಾಡಿದ ಕೆಲಸ ನನಗೆ ಈಗಲೂ ಹೆಮ್ಮೆಯದು. ಕೋಣೆಗಳನ್ನು ಅದಲುಬದಲು ಮಾಡಿ, ಶೌಚಾಲಯದ ಪಟ್ಟಿಯನ್ನು ರಸ್ತೆಯ ಕಡೆಗೆ ಹಾಕಿದೆ. ಬಾಗಿಲನ್ನು ಗೋಡೆಯ ಸಾಲಿನಿಂದ ಒಂದು ಮೀಟರು ಒಳಕ್ಕೆ ತಳ್ಳಿ, ಪೂರ್ವದ ಮೂಲೆಗೆ ಸರಿಸಿದೆ. ಪಶ್ಚಿಮದ ಗೋಡೆಯನ್ನು ಮುಂದಕ್ಕೆ ಚಾಚಿ ಗಾಳಿಗೆ ಅಡ್ಡ ನಿಲ್ಲಿಸಿದೆ. ಅದರ ಮರೆಯಲ್ಲಿ ಒಂದು ಜಗಲಿ ತಾನಾಗಿ ಹುಟ್ಟಿತು. ಬಿಸಿಲು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಹಿಂದಿನ ಪಟ್ಟಿಯ ಸೂರನ್ನು ತಗ್ಗಿಸಿ, ಮುಂದಿನ ಕೋಣೆಯ ಸೂರನ್ನು ಎತ್ತರಿಸಿ, ಎರಡರ ನಡುವೆ ಉತ್ತರಕ್ಕೆ ಉದ್ದನೆಯ ಬೆಳಕಿಂಡಿ ಇಟ್ಟೆ. ಆದರೆ ತಲೆಯ ಹಿಂದೆ ಬೆಳಕಿದ್ದರೆ ಮುಂದಿನಿಂದ ನೋಡುವವರಿಗೆ ಮುಖ ಕಪ್ಪಾಗಿ ಕಾಣುತ್ತದೆ. ಆಂಟಿ ಕೇಳಿದ್ದೇ ಮುಖ. ಅದಕ್ಕೆ ಬೆಳಕಿಂಡಿಯ ಒಳಗೆ ಬಿಳಿ ಬಣ್ಣದ ಓರೆ ಹಲಗೆ ಕೂರಿಸಿ, ಬಿಸಿಲು ಅದಕ್ಕೆ ಬಡಿದು ಚಾವಣಿಗೆ ಹೋಗಿ, ಅಲ್ಲಿಂದ ಮೆತ್ತಗೆ ಕೂತವರ ಮುಖದ ಮೇಲೆ ಇಳಿಯುವಂತೆ ಮಾಡಿದೆ. ರಟ್ಟಿನ ಮಾದರಿಯಲ್ಲಿ ಟಾರ್ಚು ಹಿಡಿದು ಹದಿನಾಲ್ಕು ಓರೆಗಳನ್ನು ಪರೀಕ್ಷಿಸಿದ ಮೇಲೆ ಸರಿಯಾದದ್ದು ಸಿಕ್ಕಿತು. ಕಾನ್‌ಸ್ಟೇಬಲ್‌ನ ಕಾಲಿಗೆ ಮೇಜಿನ ಕೆಳಗೆ ಬೆಚ್ಚನೆಯ ಫಲಕ ಹಾಕಿದೆ.

ಬಡಾವಣೆಯ ಸಮಿತಿಯ ಮುಂದೆ ನಿಂತು, ನೀವು ಒಪ್ಪಿದ ನಕ್ಷೆ ತಪ್ಪು, ತಪ್ಪು ನನ್ನದು ಎಂದು ಹೇಳುವುದು ಮಾತ್ರ ಕಷ್ಟವಾಯಿತು. ಒಬ್ಬ ಹಿರಿಯರು ಪೊಲೀಸ್ ಚೌಕಿ ರಸ್ತೆಗೆ ಬೆನ್ನು ಹಾಕಿ ಕೂರುವುದೇ ಎಂದು ಗೊಣಗಿದರು. ನೀಲಿ ದೀಪವನ್ನು ಎರಡೂ ಕಡೆಗೆ ಕಾಣುವಂತೆ ಸೂರಿನ ಮೇಲೆ ಏರಿಸುತ್ತೇವೆ ಎಂದ ಮೇಲೆ ಸುಮ್ಮನಾದರು. ಇನ್ನೊಂದು ಶನಿವಾರದ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿತು. ಇಷ್ಟೆಲ್ಲ ಆಗುವಷ್ಟರಲ್ಲಿ ಆಗಸ್ಟ್ ಅರ್ಧ ದಾಟಿ, ಲೀಸ್ ಮುಗಿಯಲು ಹತ್ತು ದಿನ ಉಳಿದಿತ್ತು.

ಶುಕ್ರವಾರ ಡೈರಿಗೆ ಹೋದೆ. ನನ್ನ ಲೆಕ್ಕದಲ್ಲಿ ಮೇಜಿನಿಂದ ಆಂಟಿಯ ಕೌಂಟರಿಗೆ ಇಪ್ಪತ್ತೆರಡು ಮೀಟರು. ಅಷ್ಟು ದೂರದಲ್ಲಿ ಮುಖ ಚೆನ್ನಾಗಿಯೇ ಗುರುತು ಸಿಗುತ್ತದೆ. ಆದರೆ ನಡುವೆ ಇನ್ನೊಂದು ಗೋಡೆ ಇತ್ತು, ಅದು ಅವರದೇ. ಅಂಗಡಿಯ ಗಾಜಿಗೆಲ್ಲ ಐಸ್‌ಕ್ರೀಮು, ಲಾಟರಿ, ಫೋನ್ ಕಾರ್ಡುಗಳ ಪೋಸ್ಟರು ಅಂಟಿಸಿದ್ದರು. ಕಳ್ಳತನವಾದ ಮೇಲೆ ಒಂದರ ಮೇಲೊಂದು ಅಂಟಿಸುತ್ತ ಬಂದಿದ್ದರು.

"ಆಂಟಿ, ಇವನ್ನ ತೆಗೀಬೇಕು."

"ತಗದ್ರ ಹೊರಗಿನವರಿಗೆ ನಾ ಕಾಣ್ತೀನಲ್ಲ?"

"ಕಾಣ್ಬೇಕು ಆಂಟಿ. ಅವರು ನಿಮಗೆ ಕಾಣ್ಬೇಕಾದ್ರೆ ನೀವೂ ಅವರಿಗೆ ಕಾಣ್ಬೇಕು. ನಾನು ಚೌಕಿ ಕಡೆ ಮಾತ್ರ ತೆರೆದು ಏನು ಪ್ರಯೋಜನ?"

ಅವರು ಒಂದು ಪೋಸ್ಟರಿನ ಅಂಚನ್ನು ಉಗುರಿನಿಂದ ಎಬ್ಬಿಸಿ ಮತ್ತೆ ಒತ್ತಿದರು. ಹೆದರಿದ್ದರು, ನನಗೆ ಅದು ಕಾಣುತ್ತಿತ್ತು. ಕೊನೆಗೆ ಅಂಕಲ್ ಒಳಗಿನಿಂದ ಬಿಸಿನೀರಿನ ಬಕೆಟ್ಟು ತಂದರು. "ಒಂದಿನ ನೋಡೂಣಲ್ಲ. ಸರಿ ಅನಸಲಿಲ್ಲಂದ್ರ ಮತ್ತ ಹಚ್ಚಿದ್ರಾತು" ಎಂದು ತಾವೇ ಕೆರೆಯಲು ಶುರುಮಾಡಿದರು.

ಶನಿವಾರ ಅದೇ ಪ್ಲೈವುಡ್ ಹಲಗೆಗಳನ್ನು ತಿರುಗಿಸಿ ನಿಲ್ಲಿಸಿದೆವು. ಗಾಳಿ ಇತ್ತು. ಚಾಚುಗೋಡೆಯ ಮರೆಯಲ್ಲಿ ನಾನು ಹಿಡಿದ ಕಾಗದ ಅಲುಗಾಡಲಿಲ್ಲ, ಅದನ್ನು ಬಾಸ್ ನೋಡಿದರು. ಈ ಸಲ ನಾನು ಕಾನ್‌ಸ್ಟೇಬಲ್‌ಗೆ ಒಂದು ಹಾಳೆ ಕೊಟ್ಟಿದ್ದೆ. ಹತ್ತು ನಿಮಿಷಕ್ಕೊಮ್ಮೆ ಕುರ್ಚಿಯಿಂದ ಏನು ಕಾಣುತ್ತದೆಯೋ ಅದನ್ನು ಬರೆಯಬೇಕು, ಅಷ್ಟೆ.

ಒಂದು ಗಂಟೆಯಲ್ಲಿ ಆರು ಜನ ಒಳಗೆ ಬಂದರು. ಕಾರಿನ ಕೀಲಿ ಕಳೆದುಕೊಂಡ ಒಬ್ಬರು, ಅಂಚೆ ಕಚೇರಿ ಎಲ್ಲಿ ಹೋಯಿತು ಎಂದು ಕೇಳಿದ ಒಬ್ಬ ಅಜ್ಜಿ, ಇದೇನು ಕಟ್ಟುತ್ತಿದ್ದೀರಿ ಎಂದು ನೋಡಲು ಬಂದವರು ಉಳಿದವರು. ನಾನು ಡೈರಿಗೆ ಓಡಿದೆ. ಆಂಟಿ ಕೌಂಟರಿನ ಹಿಂದೆ ನಿಂತು ಹೊರಗೆ ನೋಡುತ್ತಿದ್ದರು.

"ಕಾಣ್ತಾಳ" ಅಂದರು. "ಏನೋ ಬರ್ಯಾಕತ್ತಾಳ. ಕನ್ನಡಕ ಹಾಕ್ಕೊಂಡಾಳ ನೋಡು, ಆವತ್ತ ಇರಲಿಲ್ಲ."

ನನಗೆ ಕುಣಿಯುವಂತಾಯಿತು. ಆದರೆ ಆಂಟಿ ಲೀಸಿನ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ವಾಪಸು ಚೌಕಿಗೆ ಹೋಗಿ ಕಾನ್‌ಸ್ಟೇಬಲ್‌ನ ಹಾಳೆ ಓದಿದೆ. ಕಾರುಗಳು, ನಾಯಿ, ಬೇಕರಿಯ ಮುಂದಿನ ಸಾಲು ಎಲ್ಲ ಬರೆದಿದ್ದರು. ಪ್ರತಿ ಸಾಲಿನ ಕೊನೆಗೆ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು. ಅಂಗಡಿಯವರು ನಿಂತಿದ್ದಾರೆ. ಅಂಗಡಿಯವರು ನಿಂತಿದ್ದಾರೆ.

"ಅವರ ಅಂಗಡಿಯಲ್ಲಿ ಕುರ್ಚಿ ಇಲ್ವಾ?" ಎಂದು ಅವರು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅಲ್ಲಿ ಹಾಲು ಕೊಂಡಿದ್ದೆ, ಕರಿಬೇವು ಪುಕ್ಕಟೆ ಇಸಿದುಕೊಂಡಿದ್ದೆ, ಅವರು ಕೂರುತ್ತಾರೋ ನಿಲ್ಲುತ್ತಾರೋ ನೋಡಿರಲಿಲ್ಲ. ಹೊರಗೆ ಗಾಜಿನ ಮೇಲೆ ಉಳಿದ ಅಂಟು ಒರೆಸುತ್ತಿದ್ದ ಅಂಕಲ್ ಹತ್ತಿರ ಹೋಗಿ ಕೇಳಿದೆ.

ಅವರು ಬಟ್ಟೆ ಹಿಂಡುತ್ತ ಮೆಲ್ಲಗೆ ಹೇಳಿದರು. "ಸ್ಟೂಲ್ ಐತಿ. ಅದರ ಮ್ಯಾಲ ಡಬ್ಬಿ ಪೇರಿಸಿಟ್ಟಾಳ. ಆ ಸುತ್ತಿಗಿ ಮಂದಿ ಬಂದಾಗ ಕೂತಿದ್ಲು. ಕೂತ್ರ ಬಾಗಲಾ ಕಾಣಂಗಿಲ್ಲ ಅಂತಾಳ. ಎರಡ ವರ್ಷ ಆತವಾ, ಅಂಗಡ್ಯಾಗ ಒಂದ ದಿನಾ ಕೂತಿಲ್ಲ. ಮನಿಗೆ ಬಂದು ಬಿಸಿನೀರಾಗ ಕಾಲ ಇಟ್ಕೋತಾಳ. ಅದಕ್ಕ ನಾ ಬಿಟ್ಟ ಹೋಗೂಣು ಅನ್ನೂದು."

ಇಬ್ಬರೂ ಒರೆಸಿದ ಗಾಜಿನ ಮುಂದೆ ಹಾಗೇ ನಿಂತಿದ್ದೆವು. ಒಳಗೆ ಆಂಟಿ ಒಬ್ಬ ಗಿರಾಕಿಗೆ ಬ್ರೆಡ್ ಕೊಟ್ಟು ಕಳಿಸಿದರು. ಮತ್ತೊಮ್ಮೆ ಕಾರ್‌ಪಾರ್ಕಿನ ಆಚೆ ನೋಡಿದರು. ಕತ್ತು ಸ್ವಲ್ಪ ಬಗ್ಗಿಸಿ, ಕೂತರೂ ಕಾಣುತ್ತದೆಯೇ ಎಂಬಂತೆ ಕೆಳಗಿನಿಂದಲೂ ನೋಡಿದರು. ಆಮೇಲೆ ಬಗ್ಗಿ ಒಂದೊಂದೇ ಡಬ್ಬಿಯನ್ನು ಎತ್ತಿ ನೆಲಕ್ಕಿಟ್ಟರು. ಕೌಂಟರ್ ಹಿಡಿದುಕೊಂಡು, ಮೊದಲು ಅರ್ಧ, ಆಮೇಲೆ ಪೂರ್ತಿ, ಸ್ಟೂಲಿನ ಮೇಲೆ ಕೂತರು. ಅಂಕಲ್ ಕೈಯಲ್ಲಿದ್ದ ಬಟ್ಟೆಯಿಂದ ನೀರು ಅವರ ಚಪ್ಪಲಿಯ ಮೇಲೆ ಸೋರುತ್ತಿತ್ತು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಚೌಕಿಯಲ್ಲಿ ಕಾನ್‌ಸ್ಟೇಬಲ್ ಗಡಿಯಾರ ನೋಡಿ, ತಲೆ ಬಗ್ಗಿಸಿ, ಹಾಳೆಯ ಮೇಲೆ ಏನೋ ಬರೆಯುತ್ತಿದ್ದರು.

"ಏನ್ ನೋಡಾಕತ್ತೀರಿ ಇಬ್ರೂ, ಮನಷ್ಯಾರ ಕೂತಿದ್ದ ನೋಡಿಲ್ಲೇನ?" ಎಂದು ಆಂಟಿ ಒಳಗಿನಿಂದ ಕೂಗಿದರು. ಸ್ವಲ್ಪ ಹೊತ್ತು ಕಾಲು ನೀವಿಕೊಂಡರು. ಆಮೇಲೆ ಗಂಡನ ಕಡೆ ನೋಡಿ ಹೇಳಿದರು. "ರೀ, ಆ ಲೀಸಿನ ಕಾಗದ ಒಳಗಿಂದ ತಗೊಂಡ ಬರ್ರಿ. ಎದ್ದ ಮ್ಯಾಲ ಮನಸ್ಸ ಬದಲಾದೀತು, ಕೂತಾಗ ಸಹಿ ಮಾಡಿಬಿಡ್ತೀನಿ."